ಫೋರ್ ವೀಲ್ ಬೀಳದಿದ್ದರೆ

ಚನ್ನರಾಯಪಟ್ಟಣದಲ್ಲಿ ತೆಂಗಿನ ತೋಟಗಳ ನಡುವೆ ಸಾಗುವ ರಾಷ್ಟ್ರೀಯ ಹೆದ್ದಾರಿ 75, ಹಾಸನ ದಾಟಿ ಸಕಲೇಶಪುರ ಮುಟ್ಟುವಷ್ಟರಲ್ಲಿ ಕಾಫಿ ತೋಟಗಳ ನಡುವೆ ಇರುತ್ತದೆ. ನೂರು ಕಿಲೋಮೀಟರೂ ಇಲ್ಲದ ಈ ದಾರಿಯಲ್ಲಿ ಮಳೆಯ ಪ್ರಮಾಣ ಎರಡು ಪಟ್ಟಿಗೂ ಮೀರಿ ಏರುತ್ತದೆ. ಹಾಸನದಿಂದ ದಕ್ಷಿಣಕ್ಕೆ ತಿರುಗಿದರೆ ಹೊಳೆನರಸೀಪುರದ ನಾಲೆ ಬಯಲು, ಅರಕಲಗೂಡಿನ ಹೊಗೆಸೊಪ್ಪು, ಶುಂಠಿಯ ಹೊಲಗಳು. ಒಂದೇ ಪಿಕಪ್ ಒಂದೇ ವಾರದಲ್ಲಿ ಈ ಎಲ್ಲ ನೆಲವನ್ನೂ ತುಳಿಯಬಹುದು. ಸೋಮವಾರ ಹಾಸನದ ಮಾರುಕಟ್ಟೆಗೆ ಆಲೂಗೆಡ್ಡೆ, ಬುಧವಾರ ಬೆಂಗಳೂರಿಗೆ ಎಳನೀರು, ಶನಿವಾರ ಮಲೆನಾಡಿನ ತೋಟಕ್ಕೆ ಗೊಬ್ಬರ. ವರ್ಷದ ಬಹುಪಾಲು ದಿನ ಅದಕ್ಕೆ ಹಿಂದಿನ ಎರಡು ಚಕ್ರಗಳೇ ಸಾಕು. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಮಾತ್ರ ನಾಲ್ಕೂ ಬೇಕಾಗುತ್ತವೆ.

ಆ ಹೊತ್ತಿಗೇ ಸರಿಯಾಗಿ ಡ್ಯಾಶ್‌ಬೋರ್ಡಿನ ಮೇಲೆ ಫೋರ್ ವೀಲ್ ದೀಪ ಮಿಣುಕಲು ಶುರುವಾಗುತ್ತದೆ. ಗುಂಡಿ ತಿರುಗಿಸಿದರೂ ಮುಂದಿನ ಚಕ್ರಕ್ಕೆ ಎಳೆತ ಬರುವುದಿಲ್ಲ. ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಕೇಳಿಬರುವ ತೀರ್ಪು ಒಂದೇ: ‘ಮಾಡ್ಯೂಲ್ ಹೋಗಿದೆ, ಚೇಂಜ್ ಮಾಡ್ಬೇಕು.’ ಕೈಯಗಲದ ಆ ಪ್ಲಾಸ್ಟಿಕ್ ಡಬ್ಬಕ್ಕೆ ಸಾವಿರಗಟ್ಟಲೆ ರೂಪಾಯಿ. ಅದನ್ನು ಮಾರುವ ಅಂಗಡಿಯ ಗೋಡೆಯ ಮೇಲೆ ‘ಎಲೆಕ್ಟ್ರಿಕಲ್ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಫಲಕವೂ ಇರುತ್ತದೆ. ಹಾಗಾಗಿ ಡಬ್ಬ ನಿಜಕ್ಕೂ ಕೆಟ್ಟಿದೆಯೇ ಎಂಬ ಪ್ರಶ್ನೆಯನ್ನು ದುಡ್ಡು ಕೊಡುವ ಮೊದಲೇ ಕೇಳಬೇಕು. ಅದಕ್ಕೆ ಉತ್ತರ ಹುಡುಕಲು ಹೈಸ್ಕೂಲಿನಲ್ಲಿ ಕಲಿತ ಓಮ್‌ನ ನಿಯಮ ಮತ್ತು ಒಂದು ಮಲ್ಟಿಮೀಟರ್ ಸಾಕು.

ಮುಂದಿನ ಚಕ್ರಕ್ಕೂ ಕೆಲಸ ಕೊಟ್ಟರೆ

ಖಾಲಿ ಪಿಕಪ್ ಕೆಸರಿನಲ್ಲಿ ಯಾಕೆ ಅಷ್ಟು ಬೇಗ ಸೋಲುತ್ತದೆ? ಎಂಜಿನ್ ಇರುವುದು ಮುಂದೆ, ಭಾರವೂ ಮುಂದೆ. ತಳ್ಳುವ ಕೆಲಸ ಮಾತ್ರ ಹಿಂದಿನ ಚಕ್ರದ್ದು. 1,900 ಕಿಲೋ ತೂಗುವ ಗಾಡಿಯಲ್ಲಿ ಹಿಂದಿನ ಆಕ್ಸಲ್ ಮೇಲೆ 800 ಕಿಲೋ ಇದೆ ಎಂದುಕೊಳ್ಳಿ. ಒದ್ದೆ ಮಣ್ಣಿನಲ್ಲಿ ಘರ್ಷಣೆಯ ಗುಣಾಂಕ 0.3 ಇದ್ದರೆ ಹಿಂದಿನ ಚಕ್ರಗಳು ಜಾರದೆ ಕೊಡಬಲ್ಲ ಗರಿಷ್ಠ ತಳ್ಳು ಸುಮಾರು 240 ಕಿಲೋ. ಹತ್ತು ಡಿಗ್ರಿಯ ಏರಿನಲ್ಲಿ ಅದೇ ಗಾಡಿಯನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 330 ಕಿಲೋ. ಏರಿನಲ್ಲಿ ತುಸು ಭಾರ ಹಿಂದಕ್ಕೆ ವಾಲಿದರೂ ಈ ಲೆಕ್ಕ ತಿರುಗಿ ಬೀಳುವುದಿಲ್ಲ. ಚಕ್ರ ಗಿರಗಿರನೆ ಸುತ್ತುತ್ತದೆ, ಗುಂಡಿ ತೋಡುತ್ತದೆ, ಗಾಡಿ ಕೂರುತ್ತದೆ. ನಾಲ್ಕೂ ಚಕ್ರ ತಳ್ಳಿದರೆ ಪೂರಾ ಭಾರ ಕೆಲಸಕ್ಕೆ ಬಂದು 560 ಕಿಲೋದಷ್ಟು ಹಿಡಿತ ಸಿಗುತ್ತದೆ. ಎಂಜಿನ್ನಿನ ಶಕ್ತಿ ಒಂದಿಷ್ಟೂ ಹೆಚ್ಚಿಲ್ಲ, ಆದರೂ ಗಾಡಿ ಏರು ಹತ್ತುತ್ತದೆ.

ಹಾಗಾದರೆ ಸದಾ ನಾಲ್ಕರಲ್ಲೇ ಓಡಿಸಬಾರದೇಕೆ? ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಪಾರ್ಟ್ ಟೈಮ್ ವ್ಯವಸ್ಥೆ. ಗೇರ್‌ಬಾಕ್ಸಿನ ಬೆನ್ನಿಗೆ ಕೂತ ಟ್ರಾನ್ಸ್‌ಫರ್ ಕೇಸ್, ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಒಂದಕ್ಕೊಂದು ಬಿಗಿದು ಒಂದೇ ವೇಗದಲ್ಲಿ ತಿರುಗಿಸುತ್ತದೆ. ತಿರುವಿನಲ್ಲಿ ಎರಡೂ ಆಕ್ಸಲ್‌ಗಳು ಸಮನಾದ ದೂರ ಸಾಗುವುದಿಲ್ಲ. ಆಕ್ಸಲ್‌ಗಳ ನಡುವೆ ಮೂರು ಮೀಟರು ಚಿಲ್ಲರೆ ಅಂತರವಿರುವ ಗಾಡಿಯ ಹಿಂಭಾಗ ಆರು ಮೀಟರ್ ತ್ರಿಜ್ಯದ ತಿರುವು ಹಿಡಿದರೆ, ಮುಂಭಾಗ ಹಿಡಿಯುವ ತ್ರಿಜ್ಯ ಸುಮಾರು ಆರೂಮುಕ್ಕಾಲು ಮೀಟರ್. ಕಾಲು ಸುತ್ತು ತಿರುಗುವಷ್ಟರಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಒಂದು ಮೀಟರಿಗೂ ಹೆಚ್ಚು ದೂರ ಓಡಬೇಕಾಗುತ್ತದೆ. ಕೆಸರಿನಲ್ಲಿ ಟೈರ್ ಜಾರಿ ಆ ವ್ಯತ್ಯಾಸ ತೀರುತ್ತದೆ. ಒಣ ಟಾರು ರಸ್ತೆಯಲ್ಲಿ ಜಾರಲು ಅವಕಾಶವಿಲ್ಲ. ಹಾಗಾಗಿ ಶಾಫ್ಟು, ಗೇರು, ಸರಪಳಿ ಎಲ್ಲವೂ ಮುರುಚಿಕೊಳ್ಳುತ್ತವೆ, ಸ್ಟೀರಿಂಗ್ ಭಾರವಾಗುತ್ತದೆ. ಅಂದರೆ ಬೇಕಾದಾಗ ಜೋಡಿಸುವ, ಬೇಡವಾದಾಗ ಬಿಡಿಸುವ ಏರ್ಪಾಟು ಇರಲೇಬೇಕು.

ಕೋಲು ಹೋಗಿ ಗುಂಡಿ ಬಂತು

ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಈ ಕೆಲಸಕ್ಕೆ ಗೇರ್ ಕೋಲಿನ ಪಕ್ಕ ಇನ್ನೆರಡು ಕೋಲುಗಳಿದ್ದವು. ಒಂದು ಮುಂದಿನ ಆಕ್ಸಲ್ ಜೋಡಿಸಲು, ಇನ್ನೊಂದು ಹೈ-ಲೋ ಬದಲಿಸಲು. ಮಹೀಂದ್ರ ಕಂಪನಿ ಅದೇ ಜೀಪನ್ನು ಭಾರತದಲ್ಲಿ ಜೋಡಿಸಿ ಮಾರಲು ತೊಡಗಿದ ಮೇಲೆ ಸಕಲೇಶಪುರದ ಕಾಫಿ ತೋಟಗಳಿಗೆ ಅದು ಮನೆಮಗನಾಯಿತು. ಕೋಲಿಗೆ ಕೈ ಹಾಕಿದರೆ ಲೋಹಕ್ಕೆ ಲೋಹ ಕಚ್ಚಿದ್ದು ಅಂಗೈಗೇ ತಿಳಿಯುತ್ತಿತ್ತು. ಬೀಳದಿದ್ದರೆ ಗಾಡಿಯನ್ನು ಒಂದಡಿ ಹಿಂದೆ ಮುಂದೆ ಮಾಡಿ ಮತ್ತೆ ತಳ್ಳುತ್ತಿದ್ದರು.

1980ರ ದಶಕದಲ್ಲಿ ಅಮೆರಿಕದ ಪಿಕಪ್‌ಗಳಲ್ಲಿ ಕೋಲಿನ ಬದಲು ಮೋಟರ್ ಬಂತು. ನಮ್ಮಲ್ಲಿ ಟಾಟಾ ಸಫಾರಿ, ಸ್ಕಾರ್ಪಿಯೊಗಳ ಫೋರ್ ವೀಲ್ ಮಾದರಿಗಳಲ್ಲಿ ಎಲೆಕ್ಟ್ರಿಕ್ ಶಿಫ್ಟ್ ಬಂತು. ಮುಂದೆ ಇಸುಜು ವಿ-ಕ್ರಾಸ್‌ನಂಥ ಪಿಕಪ್‌ಗಳಲ್ಲಿ ತಿರುಗಿಸುವ ಗುಂಡಿಯೇ ಸಾಮಾನ್ಯವಾಯಿತು. ಅದರ ಸುತ್ತ ಮೂರು ಗುರುತು. 2ಎಚ್ ಎಂದರೆ ಹಿಂದಿನ ಚಕ್ರ ಮಾತ್ರ. 4ಎಚ್ ಎಂದರೆ ನಾಲ್ಕೂ ಚಕ್ರ, ಮಾಮೂಲಿ ವೇಗ. 4ಎಲ್ ಎಂದರೆ ನಾಲ್ಕೂ ಚಕ್ರ, ಜೊತೆಗೆ ಟ್ರಾನ್ಸ್‌ಫರ್ ಕೇಸಿನೊಳಗಿನ ಇಳಿಕೆ ಗೇರು. ವೇಗ ಸುಮಾರು ಎರಡೂವರೆ ಪಟ್ಟು ತಗ್ಗಿ, ಚಕ್ರದ ತಿರುಚು ಬಲ ಅಷ್ಟೇ ಪಟ್ಟು ಏರುತ್ತದೆ.

ಗುಂಡಿಗೂ ಲೋಹಕ್ಕೂ ಈಗ ನೇರ ಸಂಬಂಧವಿಲ್ಲ. ನಡುವೆ ನಿಂತಿರುವುದೇ ನಮ್ಮ ಕಥೆಯ ಡಬ್ಬ, ಫೋರ್ ವೀಲ್ ಕಂಟ್ರೋಲ್ ಮಾಡ್ಯೂಲ್. ಗುಂಡಿ ಹೇಳುವುದು ಚಾಲಕನ ಬಯಕೆಯನ್ನಷ್ಟೇ. ಒಪ್ಪುವುದು ಬಿಡುವುದು ಡಬ್ಬದ ತೀರ್ಮಾನ. ವೇಗ ಎಷ್ಟಿದೆ, ಗೇರು ನ್ಯೂಟ್ರಲ್‌ನಲ್ಲಿದೆಯೇ, ಕ್ಲಚ್ ಒತ್ತಿದ್ದಾರೆಯೇ ಎಂದು ನೋಡಿಕೊಂಡೇ ಅದು ಮೋಟರ್‌ಗೆ ಕರೆಂಟು ಬಿಡುತ್ತದೆ. ಅರವತ್ತು ಕಿಲೋಮೀಟರ್ ವೇಗದಲ್ಲಿ 4ಎಲ್‌ಗೆ ತಿರುಗಿಸಿದರೆ ದೀಪ ಮಿಣುಕುತ್ತದೆಯೇ ಹೊರತು ಗೇರು ಬೀಳುವುದಿಲ್ಲ. ಅದು ದೋಷವಲ್ಲ, ಗಾಡಿ ಉಳಿಯಲೆಂದು ಡಬ್ಬ ಹಾಕಿದ ತಡೆ. ಮ್ಯಾನ್ಯುಯಲ್ ಓದದೆ ಗ್ಯಾರೇಜಿಗೆ ಬರುವ ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಆಜ್ಞೆ ಕೊಟ್ಟರೆ ಸಾಲದು

ಡಬ್ಬದೊಳಗೆ ನಾಲ್ಕು ಎಲೆಕ್ಟ್ರಾನಿಕ್ ಸ್ವಿಚ್‌ಗಳ ಒಂದು ಚೌಕವಿದೆ ಎಂದುಕೊಳ್ಳಿ, ನಡುವೆ ಮೋಟರ್. ಎದುರುಬದುರು ಮೂಲೆಯ ಎರಡು ಸ್ವಿಚ್ ಆನ್ ಆದರೆ ಕರೆಂಟು ಎಡದಿಂದ ಬಲಕ್ಕೆ ಹರಿದು ಮೋಟರ್ ಒಂದು ದಿಕ್ಕಿಗೆ ತಿರುಗುತ್ತದೆ. ಇನ್ನೆರಡು ಆನ್ ಆದರೆ ಉಲ್ಟಾ. ಮೋಟರಿನ ಬಿರುಸು ತಿರುಗಾಟವನ್ನು ಗೇರುಗಳು ನಿಧಾನಗೊಳಿಸಿ, ಓರೆ ಕೆತ್ತಿದ ಒಂದು ಕ್ಯಾಮ್ ತಿರುಗಿಸುತ್ತವೆ. ಆ ಕ್ಯಾಮ್ ಶಿಫ್ಟ್ ಫೋರ್ಕನ್ನು ಸರಿಸಿ ಹಲ್ಲಿಗೆ ಹಲ್ಲು ಜೋಡಿಸುತ್ತದೆ.

ಮೋಟರ್ ಎಷ್ಟು ತಿರುಗಿತು ಎಂಬುದು ಡಬ್ಬಕ್ಕೆ ತಿಳಿಯಬೇಕಲ್ಲ? ಅದಕ್ಕೇ ಮೋಟರಿನ ಮೈಗೆ ಅಂಟಿಕೊಂಡಂತೆ ಪೊಸಿಷನ್ ಸೆನ್ಸರ್ ಇರುತ್ತದೆ. ಹಳೆಯ ಬಗೆಯದರಲ್ಲಿ ತಾಮ್ರದ ಪಟ್ಟಿಗಳ ಮೇಲೆ ನಾಲ್ಕು ಸ್ಪರ್ಶ ಬಿಂದುಗಳು ಜಾರುತ್ತವೆ. ಒಂದೊಂದೂ ಸೋಕಿದರೆ 1, ಸೋಕದಿದ್ದರೆ 0. ನಾಲ್ಕು ಬಿಂದುಗಳಿಂದ ಹದಿನಾರು ಬಗೆಯ ಸಂಕೇತ ಸಾಧ್ಯ. ಕೆಲವಕ್ಕೆ 2ಎಚ್, 4ಎಚ್, 4ಎಲ್ ಎಂಬ ಅರ್ಥ, ಕೆಲವಕ್ಕೆ ‘ನಡುದಾರಿಯಲ್ಲಿದ್ದೇನೆ’ ಎಂಬ ಅರ್ಥ, ಉಳಿದವು ಬರಲೇಬಾರದಂಥವು. ಒಂದು ಬಿಂದುವಿನ ಮೇಲೆ ಕೊಳೆ ಕೂತರೆ ಬರಬಾರದ ಸಂಕೇತ ಬಂದುಬಿಡುತ್ತದೆ. ಡಬ್ಬ ಆಗ ಮೋಟರ್ ನಿಲ್ಲಿಸಿ ದೀಪ ಮಿಣುಕಿಸುತ್ತದೆ. ಅಲ್ಲಿ ಕೆಟ್ಟಿರುವುದು ಸೆನ್ಸರ್, ಡಬ್ಬ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಹೀಗೆ ಆಜ್ಞೆ ಕೊಟ್ಟು, ಆಜ್ಞೆ ನಡೆಯಿತೇ ಎಂದು ಕೇಳಿ, ಉತ್ತರ ನೋಡಿ ಮುಂದಿನ ಹೆಜ್ಜೆ ಇಡುವ ಪದ್ಧತಿಯನ್ನು ಅತಿ ದೊಡ್ಡ ಪ್ರಮಾಣದಲ್ಲಿ ನಡೆಸುವ ಜಾಗವೂ ಹಾಸನದಲ್ಲೇ ಇದೆ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೊದ ಎಂಸಿಎಫ್, ಅಂದರೆ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 1982ರಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನಿಯಂತ್ರಿಸುತ್ತಿದೆ. ಇಲ್ಲಿಂದ ಹೊರಟ ಆಜ್ಞೆ ಮೇಲೆ ಹೋಗಿ ಉತ್ತರ ಕೆಳಗೆ ಬರಲು ಕಾಲು ಸೆಕೆಂಡ್ ಸಾಕು. ಆದರೆ ಅಲ್ಲಿ ಏನಾದರೂ ಕೆಟ್ಟರೆ ಸ್ಪ್ಯಾನರ್ ಹಿಡಿದು ಹೋಗುವಂತಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ, ಸೆಪ್ಟೆಂಬರಿನಲ್ಲೇ ಇಂಧನ ತೀರಿ ಕೈತಪ್ಪಿತು. ಮುಟ್ಟಲಾಗದ ಯಂತ್ರದ ಜೊತೆ ಕೆಲಸ ಮಾಡುವವರಿಗೆ ಬೇರೆ ದಾರಿಯೇ ಇಲ್ಲ. ಬರುವ ಅಂಕಿಗಳನ್ನು ಒಂದೊಂದಾಗಿ ನೋಡಬೇಕು, ಯಾವುದು ಸರಿಯಿದೆ ಎಂದು ಖಾತ್ರಿ ಮಾಡಿಕೊಳ್ಳುತ್ತ ಬರಬೇಕು, ಉಳಿದದ್ದರ ಮೇಲೆ ಸಂಶಯ ಪಡಬೇಕು. ಪಿಕಪ್ಪಿನ ವಿಷಯದಲ್ಲಿ ಎಲ್ಲವೂ ಕೈಗೆಟುಕುವಂತಿರುವುದೇ ತೊಂದರೆ. ಅಳೆಯುವುದಕ್ಕಿಂತ ಬಿಚ್ಚುವುದು ಸುಲಭ, ಬಿಚ್ಚಿದ ಮೇಲೆ ಬದಲಿಸುವುದು ಇನ್ನೂ ಸುಲಭ.

ಬೀಪ್ ಅಂದರೆ ಸರಿಯಿದೆ ಅಂತಲ್ಲ

ಅರಕಲಗೂಡಿನ ಕಡೆಯ ಶುಂಠಿ ಹೊಲದಿಂದ ಒಂದು ಪಿಕಪ್ ಬಂದಿದೆ ಎಂದುಕೊಳ್ಳೋಣ. ಗುಂಡಿಯನ್ನು 4ಎಚ್‌ಗೆ ತಿರುಗಿಸಿದರೆ ಅಡಿಯಿಂದ ಸಣ್ಣದಾಗಿ ‘ಟಕ್’ ಎನ್ನುತ್ತದೆ, ಕೆಲ ಸೆಕೆಂಡುಗಳ ನಂತರ ದೀಪ ಮಿಣುಕುತ್ತದೆ. ಈ ಎರಡು ಲಕ್ಷಣಗಳಲ್ಲೇ ಬೇಕಾದಷ್ಟು ಮಾಹಿತಿ ಇದೆ. ದೀಪ ಮಿಣುಕುತ್ತಿದೆ ಎಂದರೆ ಡಬ್ಬಕ್ಕೆ ಜೀವವಿದೆ, ಅದು ಏನನ್ನೋ ಹೇಳುತ್ತಿದೆ. ಟಕ್ ಎಂದಿತು ಎಂದರೆ ಅದು ಆಜ್ಞೆಯನ್ನೂ ಕೊಟ್ಟಿದೆ. ಕೀ ಹಾಕಿದಾಗಲೂ ದೀಪ ಒಮ್ಮೆಯೂ ಬೆಳಗದಿದ್ದರೆ ಮೊದಲು ನೋಡಬೇಕಾದ್ದು ಫ್ಯೂಸ್.

ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಕಪ್ಲರ್‌ಗೆ ಸ್ಕ್ಯಾನರ್ ಚುಚ್ಚಿದರೆ ಒಂದು ಕೋಡ್ ಬರುತ್ತದೆ. ಮೊದಲ ಅಕ್ಷರ ಪಿ ಇದ್ದರೆ ಎಂಜಿನ್-ಗೇರ್‌ಬಾಕ್ಸ್ ವಿಭಾಗ, ಸಿ ಇದ್ದರೆ ಚಾಸಿ, ಬಿ ಇದ್ದರೆ ಬಾಡಿ, ಯು ಇದ್ದರೆ ಡಬ್ಬಗಳ ನಡುವಿನ ಮಾತುಕತೆ. ‘ಶಿಫ್ಟ್ ಮೋಟರ್ ಸರ್ಕ್ಯೂಟ್’ ಎಂದು ಕೋಡ್ ಬಂದರೆ ಮೋಟರ್ ಕೆಟ್ಟಿದೆ ಎಂದೂ ಅಲ್ಲ, ಡಬ್ಬ ಕೆಟ್ಟಿದೆ ಎಂದೂ ಅಲ್ಲ. ಆ ದಾರಿಯಲ್ಲಿ ಎಲ್ಲೋ ಅಡಚಣೆ ಇದೆ ಎಂದಷ್ಟೇ. ಕೋಡ್ ಹೇಳುವುದು ಓಣಿಯ ಹೆಸರನ್ನು, ಮನೆ ನಂಬರನ್ನು ನಾವೇ ಹುಡುಕಬೇಕು.

ಆ ಓಣಿಯಲ್ಲಿ ಸಂಶಯ ಪಡಬೇಕಾದ ಒಂದು ಜಾಗ ಅರ್ಥ್, ಅಂದರೆ ಕರೆಂಟು ಮರಳುವ ದಾರಿ. ಬ್ಯಾಟರಿಯ ಮೈನಸ್ ತುದಿ ಗಾಡಿಯ ಮೈಗೆ ಕೂಡಿರುತ್ತದೆ. ಪ್ರತಿಯೊಂದು ಸಾಧನದ ಕರೆಂಟೂ ಕಪ್ಪು ವೈರಿನ ಮೂಲಕ ಅಲ್ಲಿಗೆ ಮರಳಬೇಕು. ಆ ವೈರು ಚಾಸಿಗೆ ಬೋಲ್ಟಾಗುವ ಜಾಗ ಸದಾ ಕೆಸರಿಗೆ ಒಡ್ಡಿಕೊಂಡಿರುತ್ತದೆ. ಮೇಲಿಂದ ವಾಟರ್ ಸರ್ವಿಸ್‌ನವರ ರಭಸದ ನೀರು. ಒಳಗೊಳಗೇ ತುಕ್ಕು, ತಾಮ್ರಕ್ಕೆ ಹಸಿರು ಕಿಲುಬು.

ಲೆಕ್ಕ ಹಾಕೋಣ. ಹೊರಡುವ ಕ್ಷಣದಲ್ಲಿ ಮೋಟರಿನ ರೋಧ 1.2 ಓಮ್, ಬ್ಯಾಟರಿ 12 ವೋಲ್ಟ್ ಎಂದಾದರೆ ಹರಿಯುವ ಕರೆಂಟು 10 ಆಂಪಿಯರ್. ಈಗ ಅರ್ಥ್ ಬೋಲ್ಟಿನ ತುಕ್ಕು 0.4 ಓಮ್ ರೋಧ ಸೇರಿಸಿದೆ. ಒಟ್ಟು 1.6 ಓಮ್, ಕರೆಂಟು 7.5 ಆಂಪಿಯರ್. ಮೋಟರ್‌ಗೆ ಸಿಗುವುದು 9 ವೋಲ್ಟ್, ಉಳಿದ 3 ವೋಲ್ಟ್ ತುಕ್ಕಿನಲ್ಲೇ ಬಿಸಿಯಾಗಿ ಹೋಯಿತು. ಮೋಟರಿನ ತಿರುಚು ಬಲ ಕರೆಂಟಿಗೆ ತಕ್ಕಂತೆ ಇರುವುದರಿಂದ ನಾಲ್ಕರಲ್ಲಿ ಒಂದು ಪಾಲು ಬಲ ನಷ್ಟ. ತಿಂಗಳುಗಟ್ಟಲೆ ಅಲುಗದೆ ಜಡ್ಡುಗಟ್ಟಿದ ಫೋರ್ಕ್, ಮಳೆಗಾಲದ ಮುಂಜಾನೆಯ ಗಟ್ಟಿ ಎಣ್ಣೆ ಇವೂ ಜೊತೆಗೂಡಿದರೆ ಕ್ಯಾಮ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಡಬ್ಬ ಕಾದು ನೋಡಿ, ನಿರೀಕ್ಷಿಸಿದ ಸಂಕೇತ ಬರದೆ, ದೀಪ ಮಿಣುಕಿಸುತ್ತದೆ.

ಎಲೆಕ್ಟ್ರಿಷಿಯನ್ ಈ ವೈರನ್ನು ಪರೀಕ್ಷಿಸುವುದು ಸಾಮಾನ್ಯವಾಗಿ ಮಲ್ಟಿಮೀಟರಿನ ಬೀಪ್ ಸದ್ದಿನಿಂದ. ಹಲವು ಮೀಟರುಗಳು ಹತ್ತಾರು ಓಮ್ ಇದ್ದರೂ ಬೀಪ್ ಎನ್ನುತ್ತವೆ. 0.4 ಓಮ್ ಅವುಗಳ ಲೆಕ್ಕಕ್ಕೇ ಇಲ್ಲ. ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಬೀಪ್ ಬರುತ್ತದೆ. ಮೀಟರ್ ಹರಿಸುವ ಸಣ್ಣ ಕರೆಂಟಿಗೆ ಒಂದು ಎಳೆ ಧಾರಾಳ, ಮೋಟರಿನ ಹತ್ತು ಆಂಪಿಯರಿಗೆ ಸಾಲದು.

ಸರಿಯಾದ ಪರೀಕ್ಷೆ ಬೇರೆ, ಅದಕ್ಕೆ ಹೆಚ್ಚಿನ ಸಲಕರಣೆಯೂ ಬೇಡ. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಡಬ್ಬದ ಕಪ್ಲರಿನ ಅರ್ಥ್ ಪಿನ್ನಿಗೆ, ಹಿಂಬದಿಯಿಂದ. ಇನ್ನೊಬ್ಬರಿಗೆ ಗುಂಡಿ ತಿರುಗಿಸಲು ಹೇಳಿ. ಮೋಟರ್ ತಿರುಗಲು ಯತ್ನಿಸುವ ಆ ಎರಡು ಮೂರು ಸೆಕೆಂಡ್ ಮೀಟರಿನ ಮೇಲೆಯೇ ಕಣ್ಣಿರಲಿ. ಒಂದೆರಡು ದಶಾಂಶ ವೋಲ್ಟ್ ಬಂದರೆ ಅರ್ಥ್ ಗಟ್ಟಿ. ಒಂದು, ಎರಡು, ಮೂರು ವೋಲ್ಟ್ ಬಂದರೆ ಕಳ್ಳ ಸಿಕ್ಕಂತೆ. ಬೋಲ್ಟ್ ಬಿಚ್ಚಿ, ಮರಳು ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದರೆ ಮುಗಿಯಿತು. ಪ್ಲಸ್ ಕಡೆಯ ವೈರಿಗೂ ಇದೇ ಪರೀಕ್ಷೆ, ಕಡ್ಡಿಗಳು ಬ್ಯಾಟರಿಯ ಪ್ಲಸ್ ಮತ್ತು ಡಬ್ಬದ ಪ್ಲಸ್ ಪಿನ್ನಿನ ನಡುವೆ.

ಇನ್ನೊಂದು ಅಳತೆ ಉಳಿಯಿತು. ಇಂದಿನ ಗಾಡಿಗಳಲ್ಲಿ ಎಂಜಿನ್, ಎಬಿಎಸ್, ಫೋರ್ ವೀಲ್ ಡಬ್ಬಗಳು ಪರಸ್ಪರ ಮಾತಾಡುವುದು ಹೆಣೆದ ಎರಡು ವೈರುಗಳ ಮೇಲೆ. ಕ್ಯಾನ್ ಎಂಬ ಈ ಪದ್ಧತಿಯನ್ನು 1986ರಲ್ಲಿ ಲೋಕಕ್ಕೆ ಪರಿಚಯಿಸಿದ್ದು ಜರ್ಮನಿಯ ಬಾಷ್. ಬೆಂಗಳೂರಿನವರು ಬಹುಕಾಲ ಮೈಕೊ ಎಂದೇ ಕರೆದ ಕಂಪನಿಯ ಮೂಲ ಸಂಸ್ಥೆ ಅದು. ಈ ಜೋಡಿ ವೈರಿನ ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಕಳಚಿ ಎರಡು ವೈರುಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆಗೆ ಹತ್ತಿರ ಬಂದರೆ ಎರಡೂ ವೈರು ಒಂದಕ್ಕೊಂದು ತಾಗಿವೆ. ಬತ್ತದ ಹುಲ್ಲಿನ ಮೆದೆ ಪಕ್ಕ ಗಾಡಿ ನಿಲ್ಲಿಸುವ ಊರುಗಳಲ್ಲಿ ಇಲಿಯ ಹಲ್ಲಿನ ಗುರುತು ಹುಡುಕುವುದೂ ರೋಗಪತ್ತೆಯ ಭಾಗವೇ.

ಡಬ್ಬ ನಿಜಕ್ಕೂ ಕೆಡುವುದು ಹೇಗೆ

ಪ್ಲಸ್ ಸರಿಯಿದೆ, ಅರ್ಥ್ ಸರಿಯಿದೆ, ಗುಂಡಿಯ ಸೂಚನೆ ಡಬ್ಬ ಮುಟ್ಟುತ್ತಿದೆ, ಸೆನ್ಸರ್ ಸರಿಯಾದ ಸಂಕೇತ ಕೊಡುತ್ತಿದೆ, ಮಾತುಕತೆಯ ವೈರಿನಲ್ಲಿ 60 ಓಮ್ ಇದೆ, ಮೋಟರ್ ಹೊರಗಿನ ಕರೆಂಟಿಗೆ ಸಲೀಸಾಗಿ ತಿರುಗುತ್ತದೆ. ಆದರೂ ಮೋಟರಿನ ಪಿನ್ನಿಗೆ ಡಬ್ಬದಿಂದ ಏನೂ ಬರುತ್ತಿಲ್ಲ. ಆಗ, ಆಗ ಮಾತ್ರ, ಅಪರಾಧಿ ಡಬ್ಬ.

ಅದನ್ನು ಬಿಚ್ಚಿ ನೋಡಿದರೆ ಸಾವಿನ ಕಾರಣ ಕೆಲವೊಮ್ಮೆ ಬರಿಗಣ್ಣಿಗೇ ಕಾಣುತ್ತದೆ. ಹೆಚ್ಚಿನ ಪಾಲು ನೀರಿನದು. ಮುಂಗಾಜಿನ ಬುಡದಲ್ಲಿ ಎಲೆ, ಕಸ ಕಟ್ಟಿಕೊಂಡರೆ ಮಳೆನೀರು ಒಳಗಿಳಿದು ವೈರಿಂಗ್ ಹಿಡಿದುಕೊಂಡೇ ಕಪ್ಲರ್ ತಲುಪುತ್ತದೆ. ಸರ್ಕ್ಯೂಟ್ ಬೋರ್ಡಿನ ಎರಡು ಗೆರೆಗಳ ನಡುವೆ ತೇವ, ಜೊತೆಗೆ ವೋಲ್ಟೇಜ್ ಇದ್ದರೆ ಲೋಹದ ಅಯಾನುಗಳು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಠೇವಣಿಯಾಗುತ್ತವೆ. ಜರೀಗಿಡದ ಎಲೆಯಂತೆ ಕವಲೊಡೆಯುತ್ತ ಬೆಳೆದು, ಕೂಡಬಾರದ ಗೆರೆಗಳನ್ನು ಕೂಡಿಸಿಬಿಡುತ್ತವೆ. ತಯಾರಕರು ಬೋರ್ಡಿಗೆ ತೆಳುವಾದ ರಾಳದ ಲೇಪ ಹಚ್ಚುವುದು ಇದೇ ಭಯಕ್ಕೆ.

ಎರಡನೆಯ ಕಾರಣ ಬಿಸಿ-ತಂಪು. ಬೇಸಿಗೆಯ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಕಾದು, ರಾತ್ರಿ ತಣಿಯುತ್ತದೆ. ತಾಮ್ರ, ಬೆಸುಗೆಯ ತವರ, ಬೋರ್ಡಿನ ಗಾಜಿನಾರು ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಆ ಜಗ್ಗಾಟದಲ್ಲಿ ಬೆಸುಗೆಯ ಸುತ್ತ ಉಂಗುರದಂತೆ ಕೂದಲೆಳೆಯ ಬಿರುಕು ಬೀಳುತ್ತದೆ. ಬೆಳಿಗ್ಗೆ ಕೆಲಸ ಮಾಡಿ ಮಧ್ಯಾಹ್ನ ಕೈಕೊಡುವ, ಡ್ಯಾಶ್‌ಬೋರ್ಡಿಗೆ ಗುದ್ದಿದರೆ ಸರಿಹೋಗುವ ಡಬ್ಬಗಳ ರಹಸ್ಯ ಹೆಚ್ಚಾಗಿ ಇದೇ. ಕೈಚಳಕ ಇರುವವರು ಆ ಬೆಸುಗೆಯನ್ನು ಮತ್ತೆ ಕರಗಿಸಿ ಕೂಡಿಸಬಲ್ಲರು. ಮೂರನೆಯದು ಮನುಷ್ಯನದೇ ಕೆಲಸ: ಬ್ಯಾಟರಿ ಕೂತಾಗ ಪ್ಲಸ್-ಮೈನಸ್ ಅದಲು ಬದಲು ಮಾಡಿ ಜಂಪ್ ಕೊಡುವುದು, ವೈರಿಂಗ್ ಕಳಚದೆ ಚಾಸಿಗೆ ವೆಲ್ಡಿಂಗ್ ಹೊಡೆಸುವುದು.

ಬದಲಿಸುವ ದಿನ

ಕೆಲಸ ದೊಡ್ಡದಲ್ಲ, ಕ್ರಮ ಮುಖ್ಯ. ಹಳೆ ಡಬ್ಬದ ಮೇಲಿನ ಪಾರ್ಟ್ ನಂಬರನ್ನು ಕೊನೆಯ ಅಕ್ಷರದವರೆಗೂ ಬರೆದುಕೊಳ್ಳಬೇಕು. ಮ್ಯಾನ್ಯುಯಲ್ ಗೇರಿನ ಗಾಡಿಗೂ ಆಟೊಮ್ಯಾಟಿಕ್ ಗಾಡಿಗೂ ಡಬ್ಬದ ಮೈ ಒಂದೇ ಇದ್ದು ಒಳಗಿನ ಪ್ರೋಗ್ರಾಂ ಬೇರೆ ಇರಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಶಿವಾಜಿನಗರದ ಗುಜರಿಯಿಂದಲೋ ಸೆಕೆಂಡ್ ಹ್ಯಾಂಡ್ ತರುವವರಿಗಂತೂ ಇದು ಇನ್ನೂ ಮುಖ್ಯ.

ಕೀ ತೆಗೆದು ಬ್ಯಾಟರಿಯ ಮೈನಸ್ ಕಳಚಿ ಕೆಲವು ನಿಮಿಷ ಬಿಡಬೇಕು. ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ಉಳಿದ ಚಾರ್ಜ್ ಇಳಿಯಲಿ. ಕಪ್ಲರಿನ ಲಾಕ್ ಒತ್ತಿ ಮೈ ಹಿಡಿದು ಎಳೆಯಬೇಕು, ವೈರು ಹಿಡಿದಲ್ಲ. ಪಿನ್ನುಗಳಲ್ಲಿ ಹಸಿರು ಕಂಡರೆ ಹೊಸ ಡಬ್ಬ ಕೂರಿಸುವ ಮುನ್ನವೇ ಶುಚಿ ಮಾಡಬೇಕು, ನೀರು ಎಲ್ಲಿಂದ ಬಂತೆಂದು ಹುಡುಕಿ ಮುಚ್ಚಬೇಕು. ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಇನ್ನೊಂದು ಡಬ್ಬ.

ಕೂರಿಸಿದ ತಕ್ಷಣ ಗಾಡಿ ಸರಿಹೋಗಲೇಬೇಕೆಂದೇನಿಲ್ಲ. ಅನೇಕ ಮಾದರಿಗಳಲ್ಲಿ ಹೊಸ ಡಬ್ಬಕ್ಕೆ ಗಾಡಿಯ ಗುರುತಿನ ಸಂಖ್ಯೆ, ಆಕ್ಸಲ್ ಅನುಪಾತ ಮುಂತಾದವನ್ನು ಸ್ಕ್ಯಾನರ್ ಮೂಲಕ ಬರೆಯಬೇಕು, ಮೋಟರಿನ ಸ್ಥಾನವನ್ನು ಕಲಿಸಬೇಕು. ಆಮೇಲೆ ಪರೀಕ್ಷೆ, ಅದೂ ಸಡಿಲ ಮಣ್ಣಿನ ಮೇಲೆ. 2ಎಚ್‌ನಿಂದ 4ಎಚ್‌ಗೆ ನಿಧಾನ ಓಡುತ್ತ, 4ಎಲ್‌ಗೆ ನಿಂತು, ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿ. ಒಂದೇ ಚಕ್ರಕ್ಕೆ ಜಾಕ್ ಕೊಟ್ಟು ಫೋರ್ ವೀಲ್ ಪರೀಕ್ಷಿಸಲು ಹೋಗಬಾರದು. ನೆಲದ ಮೇಲಿರುವ ಆಕ್ಸಲ್ ಎಳೆದು ಗಾಡಿ ಜಾಕಿನಿಂದ ಹಾರುತ್ತದೆ. ಚನ್ನರಾಯಪಟ್ಟಣದ ಒಣ ಸೀಮೆಯಲ್ಲೇ ಓಡುವ ಗಾಡಿಯಾದರೂ ತಿಂಗಳಿಗೊಮ್ಮೆ ಹೊಲದ ದಾರಿಯಲ್ಲಿ ಫೋರ್ ವೀಲ್ ಹಾಕಿ ಸ್ವಲ್ಪ ದೂರ ಓಡಿಸುವುದು ಒಳ್ಳೆಯದು. ಫೋರ್ಕ್, ಕ್ಯಾಮ್, ಮೋಟರ್ ಮೂರೂ ಮೈಮುರಿದುಕೊಳ್ಳುತ್ತವೆ.

ಬಿಲ್ಲಿನಲ್ಲಿ ಮೂರು ಅಂಕಿ

ಆ ‘ಬರೆಯುವ’ ಹಂತದಲ್ಲೇ ಸಣ್ಣ ಊರಿನ ಗ್ಯಾರೇಜು ಸಿಕ್ಕಿಕೊಳ್ಳುವುದು. ಡಬ್ಬ ಕೂರಿಸಬಲ್ಲ ಮೆಕ್ಯಾನಿಕ್ ಹೊಳೆನರಸೀಪುರದಲ್ಲೂ ಸಿಗುತ್ತಾನೆ, ಅದಕ್ಕೆ ಪ್ರೋಗ್ರಾಂ ಬರೆಯುವ ಅನುಮತಿ ಕಂಪನಿಯ ಸ್ಕ್ಯಾನರಿನ ಬಳಿ ಇರುತ್ತದೆ. ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ನೇಮಿಸಿದಾಗ ಕೃಷಿ ಯಂತ್ರೋಪಕರಣ, ಮೊಬೈಲುಗಳ ಜೊತೆ ವಾಹನಗಳನ್ನೂ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ಬಂತು. ಮ್ಯಾನ್ಯುಯಲ್, ಬಿಡಿಭಾಗಗಳ ಮಾಹಿತಿ ಒಂದೆಡೆ ಸಿಗಲಿ ಎಂಬುದು ಅದರ ಉದ್ದೇಶ. ವೈರಿಂಗ್ ನಕ್ಷೆ ಕೈಯಲ್ಲಿಲ್ಲದೆ ಯಾವ ಪಿನ್ ಅರ್ಥ್, ಯಾವುದು ಪ್ಲಸ್ ಎಂದು ಗುರುತಿಸುವುದೇ ಕಷ್ಟ. ಗೊತ್ತಾಗದಿದ್ದಾಗ ಮೆಕ್ಯಾನಿಕ್ ಡಬ್ಬ ಬದಲಿಸಿ ನೋಡುವುದು ಸೋಮಾರಿತನದಿಂದಲ್ಲ, ನಕ್ಷೆಯ ಕೊರತೆಯಿಂದ.

ನಕ್ಷೆ ಎಲ್ಲರ ಕೈಗೆ ಬರುವವರೆಗೂ ಗಾಡಿಯ ಯಜಮಾನ ಮಾಡಬಹುದಾದ ಕೆಲಸ ಒಂದಿದೆ. ‘ಮಾಡ್ಯೂಲ್ ಹೋಗಿದೆ’ ಎಂದ ಕೂಡಲೇ ಮೂರು ಅಂಕಿ ಕೇಳಿ: ಗುಂಡಿ ತಿರುಗಿಸಿದ ಆ ಹೊತ್ತಿನಲ್ಲಿ ಡಬ್ಬಕ್ಕೆ ಎಷ್ಟು ವೋಲ್ಟ್ ಬಂತು, ಅರ್ಥ್‌ನಲ್ಲಿ ಎಷ್ಟು ಸೋರಿತು, ಮೋಟರಿನ ಪಿನ್ನಿಗೆ ಎಷ್ಟು ಹೋಯಿತು. ಮೂರನ್ನೂ ಬಿಲ್ಲಿನ ಮೇಲೆ ಬರೆದುಕೊಡಲು ಹೇಳಿ. ಮೊದಲನೆಯದು ಬ್ಯಾಟರಿಯಷ್ಟೇ ಇದ್ದು, ಎರಡನೆಯದು ಸೊನ್ನೆಗೆ ಹತ್ತಿರವಿದ್ದು, ಮೂರನೆಯದು ಸೊನ್ನೆಯೇ ಆಗಿದ್ದರೆ, ಸೆನ್ಸರನ್ನೂ ಗುಂಡಿಯನ್ನೂ ನೋಡಿ ಆಗಿದ್ದರೆ ಡಬ್ಬಕ್ಕೆ ದುಡ್ಡು ಕೊಡಿ. ಅಂಕಿಗಳು ಬೇರೆ ಏನನ್ನೋ ಹೇಳುತ್ತಿದ್ದರೆ ಮೊದಲು ಒಂದು ತುಂಡು ಮರಳು ಕಾಗದ ತರಿಸಿ.